ಸೈಕಲ್ಲಿನ ತೊಗಲು ಸೀಟಿಗೆ ಯಾವ ಎಣ್ಣೆ?

(ನಮ್ಮ ಬಳಗದ ವಿದ್ಯಾರ್ಥಿ ಶಿಬಿರದಲ್ಲಿ ಕೃಷಿ ವಿಜ್ಞಾನಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಶಿಬಿರದ ಸಂಘಟಕರು ನನಗೆ ವಹಿಸಿರುವ ವಿಷಯ 'ವಸ್ತುಗಳ ಬಾಳಿಕೆ ಮತ್ತು ಪರಿಸರ'. ವಿಷಯ ದೊಡ್ಡದು. ದೊಡ್ಡ ವಿಷಯವನ್ನು ದೊಡ್ಡ ಮಾತುಗಳಲ್ಲಿಯೇ ಹೇಳಿ ಮುಗಿಸಿದರೆ ಕೇಳಿದವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ನಾನು ಒಂದೇ ಒಂದು ಸಣ್ಣ ವಸ್ತುವನ್ನು ಹಿಡಿದುಕೊಂಡು ಮಾತನಾಡುತ್ತೇನೆ. ಅದು ಹಳೆಯ ಸೈಕಲ್ಲಿನ ತೊಗಲಿನ ಸೀಟು. ಪ್ರಶ್ನೆಯೂ ಒಂದೇ: ಆ ಸೀಟಿಗೆ ಯಾವ ಎಣ್ಣೆ ಹಚ್ಚಬೇಕು?

ಈ ಪ್ರಶ್ನೆ ನನ್ನದಲ್ಲ. ಕೃಷಿ ಸಂಬಂಧದ ಕೆಲಸಕ್ಕಾಗಿ ರಾಯಚೂರು ನಗರ, ದೇವದುರ್ಗ, ಮಾನ್ವಿ ಕಡೆಗೆ ಹೋಗಿಬರುವಾಗ ಅಲ್ಲಿನ ರೈತರು ಇದನ್ನು ಕೇಳುತ್ತಿದ್ದರು. ಅಜ್ಜನ ಕಾಲದ ಸೈಕಲ್ಲು ಇನ್ನೂ ಗಟ್ಟಿಯಾಗಿದೆ, ಸೀಟಿನ ತೊಗಲು ಮಾತ್ರ ಬಿಸಿಲಿಗೆ ಒಣಗಿ ಬಿರಿಯುತ್ತಿದೆ, ಏನು ಹಚ್ಚಬೇಕು ಎಂದು. ನಮ್ಮ ಮಲೆನಾಡಿಗೆ ಮರಳಿದರೆ ಇಲ್ಲಿಯೂ ಅದೇ ಸೀಟು, ಆದರೆ ತೊಂದರೆ ಬೇರೆ. ಇಲ್ಲಿ ಅದು ಬಿರಿಯುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಒಂದೇ ವಸ್ತು ಅಲ್ಲಿ ಬಾಯಾರಿ ಸಾಯುತ್ತದೆ, ಇಲ್ಲಿ ನೆನೆದು ಸಾಯುತ್ತದೆ. ಎರಡಕ್ಕೂ ಒಂದೇ ಮದ್ದು ಇರಲು ಸಾಧ್ಯವೇ? ಈ ಪ್ರಶ್ನೆಯನ್ನು ಸರಿಯಾಗಿ ಬಿಡಿಸಿದರೆ ಕಾಡು, ಹೊಲ, ಹವೆ ಮತ್ತು ಕಸುಬು ಹೇಗೆ ಒಂದರೊಳಗೊಂದು ಹೆಣೆದುಕೊಂಡಿವೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಬಿಸಿಲ ನಾಡಿನ ತೊಗಲು

ರಾಯಚೂರು ಜಿಲ್ಲೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಾಡು. ವರ್ಷಕ್ಕೆ ಅಲ್ಲಿ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರು. ನಮ್ಮ ಆಗುಂಬೆಯ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು. ಅಂದರೆ ರಾಯಚೂರಿನ ಹತ್ತು ವರ್ಷದ ಮಳೆ ಆಗುಂಬೆಯಲ್ಲಿ ಒಂದೇ ವರ್ಷಕ್ಕೆ ಬಿದ್ದುಹೋಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅಲ್ಲಿನ ಉಷ್ಣತೆ 42–43 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಅಪರೂಪವಲ್ಲ. ಇದು ನೆರಳಿನ ಲೆಕ್ಕ. ಬಿಸಿಲಿನಲ್ಲಿ ನಿಲ್ಲಿಸಿದ ಸೈಕಲ್ಲಿನ ಕಪ್ಪು ಸೀಟು ಇದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ.

ಇಂಥ ನಾಡಿನಲ್ಲಿ ತೊಗಲು ಒಂದು ಕಾಲಕ್ಕೆ ಬೇಸಾಯದ ಬೆನ್ನೆಲುಬಾಗಿತ್ತು. ನೊಗಕ್ಕೆ ಎತ್ತನ್ನು ಕಟ್ಟುವ ಪಟ್ಟಿ, ಮಿಣಿ, ಬಾರುಕೋಲು, ಕಾಲಿನ ಮೆಟ್ಟು, ಹಬ್ಬದ ಹಲಗೆ ಎಲ್ಲವೂ ತೊಗಲಿನವು. ಬಾವಿಯಿಂದ ನೀರೆತ್ತುವ ಕಪಿಲೆಯ ದೊಡ್ಡ ಚೀಲವೂ ತೊಗಲಿನದೇ. ದಿನಕ್ಕೆ ನೂರಾರು ಸಲ ನೀರಿನಲ್ಲಿ ಮುಳುಗಿ, ಮೇಲೆ ಬಂದು, ಕಾದ ಗಾಳಿಗೆ ಒಣಗಿ, ಮತ್ತೆ ಮುಳುಗುವ ಚೀಲ ಅದು. ಅದನ್ನು ಕೊಳೆಯದಂತೆ, ಬಿರಿಯದಂತೆ ಕಾಪಾಡಿದ್ದು ಎಣ್ಣೆಯ ಅರಿವು. ರಾಯಚೂರಿನ ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲು ಇದೆ. ಆ ಕಲ್ಲನ್ನು ಬಂಡಿಯ ಮೇಲೇರಿಸಿ ಸಾಲುಸಾಲು ಕೋಣಗಳಿಂದ ಎಳೆಸುತ್ತಿರುವ ಚಿತ್ರವನ್ನೂ ಅಲ್ಲಿಯೇ ಗೋಡೆಯ ಮೇಲೆ ಕೆತ್ತಿದ್ದಾರೆ. ಇತಿಹಾಸಕಾರರು ಅಲ್ಲಿ ಅರಸರ ಹೆಸರನ್ನು ಹುಡುಕುತ್ತಾರೆ. ಬೇಸಾಯ ಬಲ್ಲವನ ಕಣ್ಣು ಮೊದಲು ಹೋಗುವುದು ಆ ನೊಗಗಳ ಕಡೆಗೆ. ಅಷ್ಟು ಭಾರವನ್ನು ಎಳೆಯುವಾಗ ಕಟ್ಟು ಹರಿಯದಂತೆ ನೋಡಿಕೊಂಡವರು ಯಾರು ಎಂಬುದು ಅವನ ಪ್ರಶ್ನೆ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಬಂತು. ಎಡದಂಡೆ ಕಾಲುವೆ ಮಾನ್ವಿ ಕಡೆಯ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿತು. ಮುಂದೆ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಎರೆ ಹೊಲಗಳಿಗೆ ನೀರು ತಂದಿತು. ವಿದ್ಯುತ್ ಪಂಪುಗಳು ಬಂದವು, ಟ್ರ್ಯಾಕ್ಟರುಗಳು ಬಂದವು. ಕಪಿಲೆ ಮಾಯವಾಯಿತು, ಬಾರುಗಳ ಜಾಗಕ್ಕೆ ನೈಲಾನ್ ಹಗ್ಗ ಬಂತು. ನೀರು ಬಂದುದಕ್ಕೆ ಯಾರೂ ದುಃಖಪಡಬೇಕಿಲ್ಲ. ಆದರೆ ತೊಗಲಿನ ವಸ್ತುಗಳು ಹೋದಾಗ ಅವುಗಳ ಜೊತೆಗಿದ್ದ ತಿಳಿವಳಿಕೆಯೂ ಸದ್ದಿಲ್ಲದೆ ಹೊರಟುಹೋಯಿತು. ಹಳೆಯ ಸೈಕಲ್ಲಿನ ಸೀಟು, ಕಾಲಿನ ಮೆಟ್ಟು, ಹಲಗೆ ಇಂಥ ಕೆಲವೇ ವಸ್ತುಗಳಲ್ಲಿ ಅದು ಇಂದು ಉಳಿದಿದೆ.

ತೊಗಲು ಒಣಗುವುದೆಂದರೇನು?

ಎಣ್ಣೆಯ ಮಾತಿಗೆ ಮೊದಲು ತೊಗಲಿನ ಒಳಗೆ ಏನಿದೆ ಎಂಬುದನ್ನು ನೋಡೋಣ. ಪ್ರಾಣಿಯ ಚರ್ಮ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ನೇಯ್ಗೆ. ಜೀವಂತ ಚರ್ಮದಲ್ಲಿ ನೀರು ಮತ್ತು ಕೊಬ್ಬು ಈ ಎಳೆಗಳನ್ನು ಒಂದಕ್ಕೊಂದು ಅಂಟದಂತೆ ಇಡುತ್ತವೆ. ಸತ್ತ ಚರ್ಮವನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಂತೆ ಸೆಟೆಯುತ್ತದೆ. ಕೊಳೆಯದಂತೆ, ಸೆಟೆಯದಂತೆ ಮಾಡುವ ಕ್ರಿಯೆಯೇ ಹದಮಾಡುವುದು. ಮರದ ತೊಗಟೆ, ಕಾಯಿಗಳಲ್ಲಿರುವ ಟ್ಯಾನಿನ್ ಎಂಬ ಒಗರು ದ್ರವ್ಯವು ಕೊಲಾಜೆನ್ ಎಳೆಗಳನ್ನು ಹಿಡಿದು ಕಟ್ಟುತ್ತದೆ. ಅಡಿಕೆ ಅಗಿದಾಗ ಬಾಯಿ ಒಗರಾಗಿ ನಾಲಿಗೆ ಬಿಗಿಯುತ್ತದೆಯಲ್ಲ, ಅದೂ ಇದೇ ಕ್ರಿಯೆ. ಟ್ಯಾನಿನ್ ನಮ್ಮ ಬಾಯಿಯ ಪ್ರೋಟೀನನ್ನು ಹಿಡಿಯುತ್ತಿರುತ್ತದೆ.

ಬಯಲುಸೀಮೆಯಲ್ಲಿ ಹದಕ್ಕೆ ಬಳಸುತ್ತಿದ್ದುದು ಕರಿಜಾಲಿಯ ತೊಗಟೆ ಮತ್ತು ತಂಗಡಿಯ ತೊಗಟೆ. ತಂಗಡಿಯನ್ನು ಆವರಿಕೆ ಎಂದೂ ಕರೆಯುತ್ತಾರೆ. ಇಲ್ಲಿ ಹೇಳುತ್ತಿರುವುದು ನಾಡಿನ ಕರಿಜಾಲಿ, ಹೊರಗಿನಿಂದ ಬಂದು ಎಲ್ಲೆಡೆ ಹಬ್ಬಿರುವ ಬಳ್ಳಾರಿ ಜಾಲಿಯಲ್ಲ. ಕರಿಜಾಲಿ ತೊಗಲನ್ನು ಗಟ್ಟಿ ಮಾಡುತ್ತದೆ, ಬಣ್ಣವನ್ನು ಕಂದಾಗಿಸುತ್ತದೆ. ತಂಗಡಿ ಮೆದುವಾದ, ತಿಳಿಬಣ್ಣದ ತೊಗಲನ್ನು ಕೊಡುತ್ತದೆ. ಇವುಗಳ ಜೊತೆಗೆ ಸೇರುತ್ತಿದ್ದ ಮೂರನೆಯದು ಅಳಲೆಕಾಯಿ. ಅದು ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ಸಹ್ಯಾದ್ರಿಯಂಥ ಕಾಡುಗಳಿಂದ. ಒಣಗಿದ ಅಳಲೆಯ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಟ್ಯಾನಿನ್ನೇ ಇರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಬಂದರುಗಳಿಂದ ಯೂರೋಪಿಗೂ ರಫ್ತಾಗುತ್ತಿತ್ತು. ನಾವು ಕೆಮ್ಮಿಗೆ ತೇಯ್ದು ನೆಕ್ಕುವ ಅಳಲೆಕಾಯಿ ಬಯಲಿನ ರೈತನ ಕಾಲಿನಲ್ಲಿ ಮೆಟ್ಟಾಗಿ ನಡೆಯುತ್ತಿತ್ತು ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಘಟ್ಟ ಮತ್ತು ಬಯಲಿನ ನಡುವೆ ಹರಿಯುವುದು ನದಿಯ ನೀರು ಮಾತ್ರವಲ್ಲ.

ಹದಗೊಂಡ ತೊಗಲಿನಲ್ಲಿ ಎಳೆಗಳು ಒಂದರ ಮೇಲೊಂದು ಜಾರಬೇಕು. ಜಾರಿದರೆ ಮಾತ್ರ ಅದು ಬಾಗುತ್ತದೆ. ಜಾರಲು ಎರಡು ವಸ್ತುಗಳು ಬೇಕು, ಸ್ವಲ್ಪ ತೇವ ಮತ್ತು ಸ್ವಲ್ಪ ಜಿಡ್ಡು. ರಾಯಚೂರಿನ ಬಿಸಿಲು ತೇವವನ್ನು ಹೀರುತ್ತದೆ. ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಗ ಬಾಗಿಸಿದರೆ ಜಾರಲಾರದೆ ತುಂಡಾಗುತ್ತವೆ. ಅದೇ ಬಿರುಕು. ಒಮ್ಮೆ ತುಂಡಾದ ಎಳೆಯನ್ನು ಯಾವ ಎಣ್ಣೆಯೂ ಕೂಡಿಸಲಾರದು. ಆದ್ದರಿಂದ ಎಣ್ಣೆ ಹಚ್ಚುವುದು ಬಿರುಕು ಬೀಳುವ ಮೊದಲು, ಬಿದ್ದ ಮೇಲಲ್ಲ.

ಎಣ್ಣೆಗಳ ಗುಣಭೇದ

ಇನ್ನು ಎಣ್ಣೆಯ ಮಾತಿಗೆ ಬರೋಣ. ರಾಯಚೂರು ಹತ್ತಿಯ ಪೇಟೆ. ಸುತ್ತಲಿನ ಸೀಮೆಯಲ್ಲಿ ಸೂರ್ಯಕಾಂತಿ, ಶೇಂಗಾ ಬೆಳೆಯುತ್ತಾರೆ. ಹತ್ತಿಕಾಳಿನ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಶೇಂಗಾ ಎಣ್ಣೆ ಮೂರೂ ಕೈಗೆಟುಕುತ್ತವೆ. ಅಡುಗೆಮನೆಯಲ್ಲಿ ಇರುವುದನ್ನೇ ಹಚ್ಚಿದರಾಯಿತು ಎಂದು ಅನೇಕರು ಭಾವಿಸುತ್ತಾರೆ. ಇಲ್ಲಿಯೇ ಎಡವುವುದು.

ಎಣ್ಣೆಗಳಲ್ಲಿ ಒಣಗುವ ಎಣ್ಣೆ, ಅರೆ ಒಣಗುವ ಎಣ್ಣೆ, ಒಣಗದ ಎಣ್ಣೆ ಎಂದು ಮೂರು ವರ್ಗ. ಒಣಗುವುದೆಂದರೆ ನೀರಿನಂತೆ ಆವಿಯಾಗುವುದಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಮೊದಲು ಅಂಟಾಗಿ, ಬಳಿಕ ಗಟ್ಟಿ ಪೊರೆಯಾಗುವುದು. ಇದನ್ನು ಅಳೆಯಲು ರಸಾಯನಶಾಸ್ತ್ರದಲ್ಲಿ ಅಯೋಡಿನ್ ಮೌಲ್ಯ ಎಂಬ ಒಂದು ಅಂಕಿ ಇದೆ. ನೂರು ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ನನ್ನು ಹಿಡಿದುಕೊಳ್ಳುತ್ತದೆ ಎಂಬುದೇ ಆ ಅಂಕಿ. ಅಂಕಿ ಹೆಚ್ಚಿದಷ್ಟೂ ಎಣ್ಣೆ ಬೇಗ ಗಟ್ಟಿಯಾಗುತ್ತದೆ.

ಅಗಸೆ ಎಣ್ಣೆಯ ಅಯೋಡಿನ್ ಮೌಲ್ಯ 170ರಿಂದ 200. ಇದು ಬಣ್ಣ, ವಾರ್ನಿಷುಗಳ ಎಣ್ಣೆ. ಗುದ್ದಲಿಯ ಕಾವಿಗೆ, ಬಾಗಿಲಿಗೆ ಹಚ್ಚಲು ಬಹಳ ಒಳ್ಳೆಯದು, ಬಾಗುವ ತೊಗಲಿಗೆ ಶತ್ರು. ಕುಸುಬೆ 135ರಿಂದ 150, ಸೂರ್ಯಕಾಂತಿ 110ರಿಂದ 140, ಹತ್ತಿಕಾಳು 100ರಿಂದ 115. ಇವು ರಾಯಚೂರಿನ ಬಿಸಿಲಿನಲ್ಲಿ ಕೆಲವೇ ವಾರಗಳಲ್ಲಿ ಅಂಟಾಗುತ್ತವೆ. ಎರೆ ಮಣ್ಣಿನ ಧೂಳು ಆ ಅಂಟಿಗೆ ಹತ್ತಿ ಉಜ್ಜುಕಾಗದದಂತೆ ಕೂತು, ಸವಾರನ ಬಟ್ಟೆಯನ್ನೂ ಸೀಟನ್ನೂ ಒಟ್ಟಿಗೆ ಸವೆಸುತ್ತದೆ. ಶೇಂಗಾ 85ರಿಂದ 105. ಪರವಾಗಿಲ್ಲ, ಆದರೆ ಬೇಗ ಕಮಟುತ್ತದೆ. ಔಡಲ ಎಣ್ಣೆ 82ರಿಂದ 90. ಹೊಂಗೆ ಎಣ್ಣೆಯೂ ಹೆಚ್ಚುಕಡಿಮೆ ಅಷ್ಟೇ. ಕೊಬ್ಬರಿ ಎಣ್ಣೆ 6ರಿಂದ 11.

ಹಾಗಾದರೆ ಕೊಬ್ಬರಿ ಎಣ್ಣೆಯೇ ಎಲ್ಲಕ್ಕಿಂತ ಉತ್ತಮವಲ್ಲವೇ ಎಂದು ನೀವು ಕೇಳಬಹುದು. ಅದು ಗಟ್ಟಿ ಪೊರೆಯಾಗುವುದಿಲ್ಲ, ನಿಜ. ಆದರೆ ತೀರ ತೆಳುವಾದ್ದರಿಂದ ಕಾದ ತೊಗಲಿನಲ್ಲಿ ಬೇಗ ಆಳಕ್ಕೆ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ. ಸುಮಾರು 24–25 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ನಮ್ಮ ಚಳಿಗಾಲದಲ್ಲಿ ಸೀಟಿನ ಮೇಲೆ ಬಿಳಿಯ ಪದರವಾಗಿ ನಿಲ್ಲುತ್ತದೆ. ತುಪ್ಪ, ಕೊಬ್ಬುಗಳು ಕಮಟುತ್ತವೆ, ಇಲಿ ನಾಯಿಗಳನ್ನು ಕರೆಯುತ್ತವೆ. ಕಮಟಿದ ಜಿಡ್ಡಿನ ಆಮ್ಲವು ಸೀಟಿನ ತಾಮ್ರದ ಮೊಳೆಗಳ ಸುತ್ತ ಹಸಿರು ಕಿಲುಬನ್ನು ಎಬ್ಬಿಸುತ್ತದೆ. ಸೈಕಲ್ ಅಂಗಡಿಯಲ್ಲಿ ಸಿಗುವ ಬಳಸಿದ ಇಂಜಿನ್ ಆಯಿಲ್ ಅಂತೂ ಬೇಡವೇ ಬೇಡ. ಅದರಲ್ಲಿ ಲೋಹದ ಪುಡಿಯೂ ಆಮ್ಲವೂ ಇರುತ್ತವೆ. ಸೀಮೆಎಣ್ಣೆ ತೊಗಲಿನಲ್ಲಿರುವ ಜಿಡ್ಡನ್ನೂ ತೊಳೆದುಬಿಡುತ್ತದೆ.

ಬದುವಿನ ಔಡಲ, ರಸ್ತೆಯ ಹೊಂಗೆ

ಉಳಿದವು ಎರಡು. ನಾವು ಹರಳು ಎನ್ನುವುದನ್ನು ರಾಯಚೂರಿನವರು ಔಡಲ ಎನ್ನುತ್ತಾರೆ. ಹೊಲದ ಬದುವಿನಲ್ಲಿ, ಹೆಚ್ಚಿನ ಆರೈಕೆ ಕೇಳದೆ ಬೆಳೆಯುವ ಗಿಡ ಅದು. ಅದರ ಎಣ್ಣೆಯಲ್ಲಿ ನೂರಕ್ಕೆ 85–90 ಭಾಗ ರಿಸಿನೋಲಿಕ್ ಆಮ್ಲವಿದೆ. ಬೇರೆ ಅಡುಗೆ ಎಣ್ಣೆಗಳಲ್ಲಿ ಇಲ್ಲದ ಒಂದು ಹೈಡ್ರಾಕ್ಸಿಲ್ ಗುಂಪು ಈ ಆಮ್ಲದಲ್ಲಿದೆ. ಅದರಿಂದಾಗಿಯೇ ಔಡಲ ಎಣ್ಣೆ ಅಷ್ಟು ದಪ್ಪ. ದಪ್ಪವಾದ್ದರಿಂದ ಬಿಸಿಲಿಗೆ ಸುರಿದು ಹೋಗುವುದಿಲ್ಲ. ಗಾಳಿಗೆ ಗಟ್ಟಿಯಾಗುವುದಿಲ್ಲ. ನಮ್ಮ ಚಳಿಗೆ ಹೆಪ್ಪುಗಟ್ಟುವುದಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ವಿಮಾನದ ಇಂಜಿನ್ನುಗಳಿಗೆ ಹಾಕುತ್ತಿದ್ದುದೂ ಇದೇ ಎಣ್ಣೆ. ಗಂಧಕಾಮ್ಲದೊಡನೆ ಬೆರೆಸಿ ನೀರಿನಲ್ಲಿ ಕರಗುವಂತೆ ಮಾಡಿದ ಔಡಲ ಎಣ್ಣೆಯನ್ನು ಚರ್ಮದ ಕಾರ್ಖಾನೆಗಳೂ ಬಳಸುತ್ತವೆ.

ಹೊಂಗೆ ಎಣ್ಣೆ ದಕ್ಷಿಣ ಭಾರತದ ತೊಗಲು ಹದದ ಹಳೆಯ ಸಂಗಾತಿ. ಅದೂ ಒಣಗದ ಎಣ್ಣೆ. ಅದರಲ್ಲಿರುವ ಕಹಿ ದ್ರವ್ಯಗಳಿಂದಾಗಿ ಹುಳುಗಳು ಅದರ ಬಳಿ ಸುಳಿಯುವುದು ಕಡಿಮೆ. ದೋಷವೆಂದರೆ ವಾಸನೆ ಮತ್ತು ಬಣ್ಣ. ನೊಗದ ಬಾರಿಗೆ, ಮೆಟ್ಟಿನ ಅಡಿಗೆ ವಾಸನೆಯ ಚಿಂತೆಯಿಲ್ಲ. ಬಿಳಿಯ ಪಂಚೆ ಉಟ್ಟು ಸೈಕಲ್ಲೇರಿ ಪೇಟೆಗೆ ಹೊರಟ ಹಿರಿಯರಿಗೆ ಸೀಟಿನ ಹಳದಿ ಕಲೆ ಹಿಡಿಸುವುದಿಲ್ಲ. ಆದ್ದರಿಂದ ನನ್ನ ತೀರ್ಮಾನ ಹೀಗಿದೆ: ಸೀಟಿನ ಮೇಲ್ಮೈಗೆ ಔಡಲ, ಬಾರು ಮತ್ತು ಮೆಟ್ಟುಗಳಿಗೆ ಹೊಂಗೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತೊಗಲು ಸೀಟುಗಳಿಗೆ ಹೆಸರಾದ ಬ್ರೂಕ್ಸ್ ಸಂಸ್ಥೆ ಇದೆ. ಅದು 1866ರಲ್ಲಿ ಆರಂಭವಾದದ್ದು ಕುದುರೆಯ ಬಾರು, ಜೀನುಗಳ ಕಸುಬಿನಿಂದ. ಸೈಕಲ್ ಸೀಟಿಗೆ ಅದರ ಸ್ಥಾಪಕರು ಹಕ್ಕುಪತ್ರ ಪಡೆದದ್ದು 1882ರಲ್ಲಿ. ಅಲ್ಲಿಯೂ ಸೈಕಲ್ ಸೀಟು ಹುಟ್ಟಿದ್ದು ಪಶುವಿನ ಬಾರಿನ ಅರಿವಿನಿಂದಲೇ. ಆ ಸಂಸ್ಥೆ ಮಾರುವ ಡಬ್ಬಿಯ ಮುಲಾಮಿನಲ್ಲಿ ಪಶುವಿನ ಕೊಬ್ಬು, ಮೀನೆಣ್ಣೆ, ಸಸ್ಯದ ಎಣ್ಣೆ, ಮೇಣ ಸೇರಿವೆ. ಅದು ಅವರ ಹವೆಗೆ, ಅವರಲ್ಲಿ ಸಿಗುವ ಸರಕಿಗೆ ತಕ್ಕಂತೆ ಮಾಡಿದ್ದು. ಅದನ್ನು ಹಳಿಯಬೇಕಿಲ್ಲ. ಆದರೆ ಔಡಲ ಬೆಳೆಯುವ ನಾಡು, ಜೇನು ಕಟ್ಟುವ ಕಾಡು ಎರಡನ್ನೂ ಇಟ್ಟುಕೊಂಡಿರುವ ನಾವು ಆ ಡಬ್ಬಿಗಾಗಿ ಕಾಯಬೇಕಿಲ್ಲ ಎಂಬುದಷ್ಟೇ ನನ್ನ ಮಾತು.

ಮಾಡುವ ಬಗೆ

ನೂರು ಗ್ರಾಂ ಶುದ್ಧ ಔಡಲ ಎಣ್ಣೆಗೆ ಇಪ್ಪತ್ತೈದು ಗ್ರಾಂ ಜೇನುಮೇಣ ಸಾಕು. ಮೇಣ ಕರಗುವುದು ಸುಮಾರು 62–64 ಡಿಗ್ರಿಯಲ್ಲಿ. ಆದ್ದರಿಂದ ಪಾತ್ರೆಯನ್ನು ನೇರವಾಗಿ ಬೆಂಕಿಗಿಡದೆ, ಬಿಸಿನೀರಿನೊಳಗಿಟ್ಟು ಎರಡನ್ನೂ ಕರಗಿಸಿ, ಕಲಕಿ ತಣಿಸಬೇಕು. ಸುಗಂಧ ಬೆರೆಸಿದ ತಲೆಗೂದಲ ಎಣ್ಣೆ ಬೇಡ.

ಹಚ್ಚುವ ಮೊದಲು ತೊಗಲಿನ ಹದವನ್ನು ಗುರುತಿಸಬೇಕು. ಸೀಟಿನ ಅಡಿಭಾಗದಲ್ಲಿ ಕತ್ತರಿಸಿದ ಅಂಚನ್ನು ನೋಡಿರಿ. ಒಳಗೂ ಹೊರಗೂ ಕಂದುಬಣ್ಣವಿದ್ದು, ಹನಿ ನೀರು ಇಟ್ಟಾಗ ಹೀರಿ ಕಪ್ಪಾದರೆ ಅದು ತೊಗಟೆಯ ಹದ. ಅದಕ್ಕೆ ಈ ಲೇಪ ಹಿಡಿಸುತ್ತದೆ. ಅಂಚು ನೀಲಿ ಬೆರೆತ ಬೂದುಬಣ್ಣವಿದ್ದರೆ ಅದು ಕ್ರೋಮಿಯಂ ಲವಣದ ಹದ. ಅದಕ್ಕೆ ಕಾರ್ಖಾನೆಯಲ್ಲಿಯೇ ಜಿಡ್ಡು ತುಂಬಿ, ಮೇಲೆ ಬಣ್ಣದ ಪೊರೆ ಹಾಕಿರುತ್ತಾರೆ. ನಮ್ಮ ಎಣ್ಣೆ ಒಳಗೆ ಹೋಗದೆ ಮೇಲೆಯೇ ಜಿಗುಟಾಗಿ ನಿಲ್ಲುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಕೊಡಲಾರಂಭಿಸಿದಂಥ ಸೈಕಲ್ಲುಗಳ ಸೀಟು ತೊಗಲಿನದಲ್ಲವೇ ಅಲ್ಲ. ಅದಕ್ಕೆ ಎಣ್ಣೆ ಹಚ್ಚಿ ಸಮವಸ್ತ್ರ ಕೆಡಿಸಿಕೊಳ್ಳಬೇಡಿರಿ.

ರಾಯಚೂರು, ದೇವದುರ್ಗ, ಮಾನ್ವಿಯಂಥ ಒಣಸೀಮೆಯಲ್ಲಿ ವರ್ಷಕ್ಕೆ ಎರಡು ಸಲ, ಶಿವರಾತ್ರಿಯ ಹೊತ್ತಿಗೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ ಹಚ್ಚಿದರೆ ಸಾಕು. ಮೊದಲು ಒದ್ದೆ ಬಟ್ಟೆಯಿಂದ ಧೂಳು ತೆಗೆದು, ತೊಗಲಿಗೆ ಲಘುವಾಗಿ ತೇವ ಕೊಟ್ಟು, ಅರ್ಧ ಗಂಟೆ ನೆರಳಿನಲ್ಲಿಡಬೇಕು. ಬಳಿಕ ಒಂದು ಚಮಚೆಯಷ್ಟು ಲೇಪವನ್ನು ಬೆರಳಿನಿಂದ ತಿಕ್ಕಬೇಕು. ತೇವ ಹೊರಗೆ ಹೋಗುತ್ತಿದ್ದಂತೆ ಜಿಡ್ಡು ಅದರ ಜಾಗಕ್ಕೆ ಇಳಿಯುತ್ತದೆ. ರಾತ್ರಿ ಕಳೆದ ಮೇಲೆ ಉಳಿದುದನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಬೇಕು. ಹೊಳೆಯುವಂತೆ ಉಳಿದ ಎಣ್ಣೆ ಧೂಳಿಗೆ ಕೊಟ್ಟ ಆಮಂತ್ರಣ.

ನಮ್ಮ ಮಲೆನಾಡಿನಲ್ಲಿ ಕ್ರಮ ಇದಕ್ಕೆ ವಿರುದ್ಧ. ಇಲ್ಲಿ ತೊಗಲಿಗೆ ತೇವದ ಕೊರತೆಯಿಲ್ಲ, ತೇವದ ಕಾಟವಿದೆ. ಗಾಳಿಯ ತೇವ ನೂರಕ್ಕೆ ಎಪ್ಪತ್ತು–ಎಪ್ಪತ್ತೈದನ್ನು ಮೀರಿ ದಿನಗಟ್ಟಲೆ ನಿಂತರೆ ಬೂಷ್ಟು ತಪ್ಪದು. ಆದ್ದರಿಂದ ರೋಹಿಣಿ ಮಳೆಗೆ ಮೊದಲು, ಸೀಟು ಚೆನ್ನಾಗಿ ಒಣಗಿರುವಾಗ ಹಚ್ಚಬೇಕು. ಮೇಣವನ್ನು ಮೂವತ್ತೈದು ಗ್ರಾಮಿಗೆ ಏರಿಸಬಹುದು. ಇಲ್ಲಿ ಬೇಕಿರುವುದು ನೀರನ್ನು ಹೊರಗಿಡುವ ಕವಚ. ಬೂಷ್ಟು ಬಂದರೆ ಮನೆಯ ಹೊರಗೆ ಒಣಬಟ್ಟೆಯಿಂದ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಆರಿಸಿ, ಆಮೇಲೆ ತೆಳುವಾಗಿ ಲೇಪಿಸಿರಿ. ಬೂಷ್ಟಿನ ಮೇಲೆಯೇ ಎಣ್ಣೆ ಹಚ್ಚಿದರೆ ಅದಕ್ಕೆ ಅನ್ನ ಬಡಿಸಿದಂತೆ. ನೆನೆದ ಸೀಟನ್ನು ಒಲೆಯ ಬಳಿಯಾಗಲಿ ಸುಡುಬಿಸಿಲಿನಲ್ಲಾಗಲಿ ಇಡಬಾರದು. ಒದ್ದೆಯೂ ಕಾವೂ ಒಟ್ಟಿಗೆ ಸೇರಿದರೆ ಕೊಲಾಜೆನ್ ಮುದುಡಿ ಸರೇಸಿನಂತಾಗುತ್ತದೆ.

ಮತ್ತೊಂದು ಎಚ್ಚರಿಕೆ. ತೊಗಲು ಸೀಟೆಂದರೆ ಮುಂದಿನ ಮೂತಿಗೂ ಹಿಂದಿನ ಕಬ್ಬಿಣಕ್ಕೂ ನಡುವೆ ಬಿಗಿದು ಕಟ್ಟಿದ ಚಕ್ಕಳ. ಅದು ನಮ್ಮ ಭಾರವನ್ನು ಹೊರುವುದು ಬಿಗಿತದಿಂದ. ಹೆಚ್ಚು ಎಣ್ಣೆ ಕುಡಿಸಿದರೆ ಮೆದುವಾಗಿ ತೊಟ್ಟಿಲಿನಂತೆ ಜೋತುಬೀಳುತ್ತದೆ. ಮೆಟ್ಟಿಗೆ ಬೇಕಾದಷ್ಟು ಎಣ್ಣೆ ಸೀಟಿಗೆ ಬೇಡ. ಆರೈಕೆ ಹೆಚ್ಚಾದರೂ ವಸ್ತು ಕೆಡುತ್ತದೆ.

ಅರಿವು ಯಾರ ಬಳಿ ಇದೆ?

ಇಷ್ಟೆಲ್ಲ ಅಂಕಿಸಂಖ್ಯೆಗಳನ್ನು ಹೇಳಿದೆ. ಆದರೆ ತೇವವಿರುವಾಗ ಎಣ್ಣೆ ಹಚ್ಚಬೇಕೆಂಬುದನ್ನು ನಾನು ಪುಸ್ತಕದಲ್ಲಿ ಓದುವುದಕ್ಕಿಂತ ಮೊದಲು ಕಂಡದ್ದು ದೇವದುರ್ಗದಲ್ಲಿ, ಬೀದಿಬದಿಯಲ್ಲಿ ಕುಳಿತು ಮೆಟ್ಟು ಹೊಲಿಯುವ ಒಬ್ಬ ಹಿರಿಯರ ಕೈಯಲ್ಲಿ. ಅವರು ತೊಗಲನ್ನು ಮುಟ್ಟಿ, ಉಗುರಿನಿಂದ ಒತ್ತಿ, ಮೂಸಿ ನೋಡಿ, ಆಮೇಲಷ್ಟೇ ಎಣ್ಣೆಯ ಮಾತೆತ್ತಿದರು. ಯಾವ ಪಶುವಿನದು, ಯಾವ ತೊಗಟೆಯಲ್ಲಿ ಹದವಾದದ್ದು ಎಂಬುದು ಮೊದಲ ಪ್ರಶ್ನೆ. ಎಣ್ಣೆ ಯಾವುದು ಎಂಬುದು ಕೊನೆಯದು. ನಾವು ಪ್ರಯೋಗಾಲಯದಲ್ಲಿ ಅನುಸರಿಸುವ ಕ್ರಮವೂ ಇದೇ ಅಲ್ಲವೇ?

ಈ ಅರಿವನ್ನು ತಲೆಮಾರುಗಳಿಂದ ಹೊತ್ತು ತಂದವರು ಮಾದಿಗ, ಸಮಗಾರ, ಡೋಹರ ಸಮುದಾಯಗಳ ಜನ. ಅವರ ಕೈಯ ಮೆಟ್ಟನ್ನು ತೊಟ್ಟು ಅವರ ಕೈಯ ನೀರನ್ನು ಒಲ್ಲೆ ಎಂದದ್ದು ನಮ್ಮ ಸಮಾಜ. ಹನ್ನೆರಡನೆಯ ಶತಮಾನದ ಶರಣರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಅವರನ್ನು ಹಿರಿಯರೆಂದು ಗೌರವಿಸಿದರು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಆದರೂ ಮನಸ್ಸಿನ ಮಡಿ ಇನ್ನೂ ಪೂರ್ತಿ ಹೋಗಿಲ್ಲ. ಗಿಡಮೂಲಿಕೆಯ ಅರಿವನ್ನು ಪಾರಂಪರಿಕ ಜ್ಞಾನವೆಂದು ವೇದಿಕೆಯ ಮೇಲೆ ಕೊಂಡಾಡುವ ಪರಿಸರ ಚಳವಳಿಯವರು ತೊಗಲಿನ ಅರಿವನ್ನು ಆ ಪಟ್ಟಿಯಲ್ಲಿ ಸೇರಿಸಲು ಹಿಂಜರಿಯುತ್ತಾರೆ. ಈ ಮಾತು ನಮ್ಮ ಬಳಗಕ್ಕೂ ಅನ್ವಯಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಆ ಸಮುದಾಯದ ಮಕ್ಕಳು ಅದೇ ಕಸುಬಿನಲ್ಲಿ ಉಳಿಯಬೇಕು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನನಗೆ ಹಕ್ಕಿಲ್ಲ. ಅವಮಾನದ ಕಸುಬನ್ನು ಬಿಟ್ಟು ಹೊರಟವರಿಗೆ ಪಾರಂಪರಿಕ ಜ್ಞಾನದ ಹೆಸರಿನಲ್ಲಿ ಮತ್ತೆ ಸಂಕೋಲೆ ಹಾಕುವುದು ತಪ್ಪು. ನಾನು ಹೇಳುವುದು ಇಷ್ಟೇ: ಅರಿವಿಗೆ ಮರ್ಯಾದೆ ಮತ್ತು ತಕ್ಕ ಬೆಲೆ ಸಿಗಲಿ, ಕಸುಬು ಜಾತಿಯಿಂದ ಬಿಡುಗಡೆ ಹೊಂದಿ ಕಲಿಯಲು ಬಯಸುವ ಯಾರೇ ಆದರೂ ಕಲಿಯುವ ವಿದ್ಯೆಯಾಗಲಿ. 1948ರಲ್ಲಿ ಮದರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ನಮ್ಮ ರಾಜ್ಯದಲ್ಲಿ 1976ರಲ್ಲಿ ಲಿಡ್ಕರ್ ಎಂಬ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ ಆರಂಭವಾಯಿತು. ಹಾದಿ ಇಲ್ಲವೆಂದಲ್ಲ, ಅದರಲ್ಲಿ ನಡೆಯುವವರಿಗೆ ಗೌರವ ಸಾಲದು.

ಕಾಡಿಗೂ ಇದಕ್ಕೂ ಏನು ಸಂಬಂಧ?

ಇಂದು ಜಗತ್ತಿನ ತೊಗಲಿನಲ್ಲಿ ಬಹುಪಾಲು ಕ್ರೋಮಿಯಂನಿಂದ ಹದವಾಗುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಅದರಿಂದ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆದರೆ ತ್ಯಾಜ್ಯವನ್ನು ಸರಿಯಾಗಿ ಸಂಸ್ಕರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ತಮಿಳುನಾಡಿನ ಪಾಲಾರ್ ನದಿಯ ಬಯಲು ಸಾಕ್ಷಿ. ಅಲ್ಲಿನ ಚರ್ಮದ ಕಾರ್ಖಾನೆಗಳಿಂದ ಕೆಟ್ಟ ನೆಲಜಲದ ಬಗ್ಗೆ ವೆಲ್ಲೂರಿನ ನಾಗರಿಕ ವೇದಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. ಕೆಡಿಸಿದವರೇ ತೆರಬೇಕು ಎಂಬ ತತ್ತ್ವವನ್ನೂ ಮುನ್ನೆಚ್ಚರಿಕೆಯ ತತ್ತ್ವವನ್ನೂ ನ್ಯಾಯಾಲಯ 1996ರ ತೀರ್ಪಿನಲ್ಲಿ ಎತ್ತಿಹಿಡಿಯಿತು. ಪಾಲಾರ್ ಹುಟ್ಟುವುದು ನಮ್ಮ ಕರ್ನಾಟಕದ ನಂದಿಬೆಟ್ಟದ ಸೀಮೆಯಲ್ಲಿ ಎಂಬುದನ್ನು ಮರೆಯಬಾರದು.

ಹಾಗೆಂದು ತೊಗಟೆಯ ಹದ ಪೂರ್ತಿ ನಿರ್ದೋಷಿಯೂ ಅಲ್ಲ. ಅದರ ತೊಳೆನೀರನ್ನು ಕೆರೆಗೆ ಬಿಟ್ಟರೆ ಮೀನು ಉಳಿಯುವುದಿಲ್ಲ. ಮರದ ಸುತ್ತ ತೊಗಟೆ ಸುಲಿದರೆ ಮರ ಸಾಯುತ್ತದೆ. ಆದರೆ ಅಳಲೆಯಲ್ಲಿ ಬಳಸುವುದು ಕಾಯಿಯನ್ನು. ಉದುರಿದ್ದನ್ನು ಆರಿಸಿದರೆ ಮರಕ್ಕೆ ಹಾನಿಯಿಲ್ಲ. ಕಾಯಿಗೆ ಬೆಲೆ ಬಂದಷ್ಟು ಮರಕ್ಕೂ ಬೆಲೆ ಬರುತ್ತದೆ. ಕೊಲ್ಹಾಪುರಿ ಮೆಟ್ಟುಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಅಥಣಿಯ ಕಡೆ ತಯಾರಾಗುವ ಈ ಮೆಟ್ಟಿನ ತೊಗಲು ಇಂದಿಗೂ ಕರಿಜಾಲಿ, ಅಳಲೆಗಳ ಹದದ್ದು. ಹಳೆಯ ಸೀಟಿಗೆ ಹೊಸ ಚಕ್ಕಳ ಹಾಕಿಸಬೇಕೆನ್ನುವವರು ಹುಡುಕಬೇಕಾದುದು ಅಂಥ ತೊಗಲನ್ನು.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ಕೊಡುತ್ತೇನೆ. ನಾಲ್ಕು ಗಾಜಿನ ಚೂರುಗಳ ಮೇಲೆ ಅಗಸೆ, ಸೂರ್ಯಕಾಂತಿ, ಔಡಲ, ಹೊಂಗೆ ಎಣ್ಣೆಗಳನ್ನು ತೆಳುವಾಗಿ ಸವರಿ, ಧೂಳು ಬೀಳದಂತೆ ಇಡಿರಿ. ಮೂರು ನಾಲ್ಕು ವಾರ ಬಿಟ್ಟು ಬೆರಳಿನಿಂದ ಮುಟ್ಟಿ ನೋಡಿರಿ. ಅಂಟಾದದ್ದು ಯಾವುದು, ಪೊರೆಯಾದದ್ದು ಯಾವುದು, ಹಾಗೆಯೇ ಉಳಿದದ್ದು ಯಾವುದು ಎಂದು ಬರೆದಿಡಿರಿ. ಹರಿದ ಮೆಟ್ಟಿನ ತೊಗಲಿನ ನಾಲ್ಕು ತುಂಡುಗಳ ಮೇಲೂ ಇದನ್ನೇ ಮಾಡಿ, ಮಳೆಗಾಲ ಮುಗಿದ ಮೇಲೆ ಬಾಗಿಸಿ ನೋಡಿರಿ. ನಾನು ಹೇಳಿದೆನೆಂದು ನಂಬಬೇಡಿರಿ. ಫಲಿತಾಂಶವನ್ನು ಊರಿನಲ್ಲಿ ಮೆಟ್ಟು ಹೊಲಿಯುವ ಹಿರಿಯರಿಗೆ ತೋರಿಸಿ, ಅವರೇನು ಹೇಳುತ್ತಾರೆ ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿರಿ.

ಸರಿಯಾದ ಎಣ್ಣೆ ಯಾವುದೆಂದು ಕೇಳಿದವರಿಗೆ ನಾನು ಕೊಡಬಲ್ಲ ಉತ್ತರ ಇದು: ತೊಗಲಿನ ಹದವನ್ನು ತಿಳಿಯಿರಿ, ನಿಮ್ಮ ಊರಿನ ಹವೆಯನ್ನು ತಿಳಿಯಿರಿ, ಆ ವಸ್ತು ಮಾಡುವ ಕೆಲಸವನ್ನು ತಿಳಿಯಿರಿ. ಮೂರೂ ತಿಳಿದರೆ ಎಣ್ಣೆ ನಿಮ್ಮ ಬದುವಿನಲ್ಲಿಯೇ ಸಿಗುತ್ತದೆ. ವರ್ಷಕ್ಕೆ ಎರಡು ಚಮಚೆ ಎಣ್ಣೆಯಿಂದ ಇನ್ನೊಂದು ತಲೆಮಾರು ಬಾಳುವ ಸೀಟನ್ನು ಎಸೆದು, ಮೂರು ವರ್ಷಕ್ಕೆ ಹರಿಯುವ ರೆಕ್ಸಿನ್ನನ್ನು ಕೊಂಡು, ಅದನ್ನೂ ಹಳ್ಳಕ್ಕೆ ಎಸೆಯುವುದು ಅಗ್ಗವೂ ಅಲ್ಲ, ಅಭಿವೃದ್ಧಿಯೂ ಅಲ್ಲ.